ಹಳೇ ಬುಲೆಟ್‌ನ ಟಕ್ ಟಕ್ ಸದ್ದು

ಮುಳ್ಳಯ್ಯನಗಿರಿಗೆ ಹೋಗಿಬಂದ ಮೇಲೆ ಕಾಸ್ಟ್ ಐರನ್ (ಹಳೇ ಎರಕದ ಕಬ್ಬಿಣದ ಎಂಜಿನ್‌ನ) ಬುಲೆಟ್ 350ರಲ್ಲಿ ಟಕ್ ಟಕ್ ಜಾಸ್ತಿಯಾಗಿದೆ, ಪುಶ್‌ರಾಡ್ (ಎಂಜಿನ್‌ನ ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ನಾನೇ ಸೆಟ್ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು, ಆದರೆ ಬಿಸಿ ಎಂಜಿನ್ ಮುಟ್ಟಬೇಡಿ. ರಾತ್ರಿಯೆಲ್ಲಾ ಬಿಡಿ, ಚಿಕ್ಕಮಗಳೂರಿನ ಚಳಿಗೆ ಬೆಳಿಗ್ಗೆ ಹೊತ್ತಿಗೆ ಚೆನ್ನಾಗಿ ತಣ್ಣಗಾಗಿರುತ್ತದೆ. ಬಲಗಡೆಯ ಟ್ಯಾಪೆಟ್ ಕವರ್ (ಪುಶ್‌ರಾಡ್‌ಗಳ ಬುಡ ಕಾಣುವ ಮುಚ್ಚಳ) ಬಿಚ್ಚಿ. ಸ್ಪಾರ್ಕ್ ಪ್ಲಗ್ ತೆಗೆದು, ಕಂಪ್ರೆಶನ್ ಸ್ಟ್ರೋಕ್‌ನಲ್ಲಿ (ಎರಡೂ ವಾಲ್ವ್ ಮುಚ್ಚಿರುವಾಗ) ಪಿಸ್ಟನ್ ಪೂರ್ತಿ ಮೇಲೆ ತನ್ನಿ. ಈಗ ಎರಡೂ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಸೆಟ್ಟಿಂಗ್ ಹಿಡಿದಿಡುವ ಲಾಕ್‌ನಟ್ ಬಿಗಿ ಮಾಡುವಾಗಲೇ ಅದು ಸರಿದುಬಿಡುತ್ತದೆ, ಹಾಗಾಗಿ ರಾಡ್ ಇನ್ನೊಮ್ಮೆ ತಿರುಗಿಸಿ ನೋಡಿ.

ಸದ್ದೇ ಬೇಡ ಅಂತ ನಾನು ಒಂದ್ಸಲ ಪುಶ್‌ರಾಡ್ ಸುಮ್ನೆ ಬಿಗಿ ಮಾಡಿಬಿಟ್ಟೆ. ಮಾರನೇ ದಿನ ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋಯಿತು! ವಾಲ್ವ್ ಪೂರ್ತಿ ಮುಚ್ಚದಿದ್ದರೆ ಕಂಪ್ರೆಶನ್ ಸೋರುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಸ್ವಲ್ಪ ಸದ್ದು ಇರಲಿ ಬಿಡಿ.