ಪ್ಯಾಕೆಟ್ ಮೇಲೆ ಸೊನ್ನೆ ಇದ್ದರೆ ಸಾಕಾ?

ಲೇಬಲ್‌ನಲ್ಲಿ ಟ್ರಾನ್ಸ್ ಫ್ಯಾಟ್ (ಹೃದಯಕ್ಕೆ ಕೆಟ್ಟದ್ದಾದ ಒಂದು ಬಗೆಯ ಕೊಬ್ಬು) 0 ಅಂತಿದೆ, ಬಿಸ್ಕತ್ತು ದಿನಾ ತಿನ್ನಬಹುದಾ ಅಂತ ಕೇಳಿದ್ದೀರಿ. ಆ ಸೊನ್ನೆಯನ್ನು ಸುಮ್ನೆ ನಂಬಬೇಡಿ. ಕೆಲವು ದೇಶಗಳಲ್ಲಿ ಒಂದು ಸರ್ವಿಂಗ್‌ಗೆ 0.5 ಗ್ರಾಂಗಿಂತ ಕಡಿಮೆ ಇದ್ದರೆ 0 ಎಂದೇ ಬರೆಯಬಹುದು. ಸರ್ವಿಂಗ್ ಅಂದರೆ ಎರಡೋ ಮೂರೋ ಬಿಸ್ಕತ್ತು. ಅಷ್ಟಕ್ಕೇ ಯಾರು ನಿಲ್ಲಿಸುತ್ತಾರೆ, ಅಲ್ವಾ?

ಪ್ಯಾಕೆಟ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. ‘ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ’ ಅಂತ ಕಂಡರೆ ಅದರಲ್ಲಿ ಟ್ರಾನ್ಸ್ ಫ್ಯಾಟ್ ಇದೆ ಅಂತಲೇ ಅರ್ಥ, ವಾಪಸ್ ಇಟ್ಟುಬಿಡಿ. ಈ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ, ಜೊತೆಗೆ ಒಳ್ಳೆಯದನ್ನೂ ಇಳಿಸುತ್ತದೆ. ಹೃದಯದ ರಕ್ತನಾಳಗಳಿಗೆ ಎರಡೂ ಕಡೆಯಿಂದ ಪೆಟ್ಟು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2.2 ಗ್ರಾಂ. ಅರ್ಧರ್ಧ ಗ್ರಾಂ ಸೇರಿದರೆ ಅದು ಬೇಗ ಮುಟ್ಟುತ್ತದೆ.