ತಿಂಗಳಿಗೆ ಎರಡು ಸಾವಿರ ಕೊಟ್ಟರೆ ಹಳ್ಳಿಯ ಬಡವರ ಮನೆಯಲ್ಲಿ ನಿಜವಾಗಿ ಏನಾದರೂ ಬದಲಾಗುತ್ತಾ?

ಪ್ರಶ್ನೆಯ ಕೆಳಗೆ "ಆ ದುಡ್ಡೆಲ್ಲ ಗಂಡನ ಕುಡಿತಕ್ಕೇ ಹೋಗುತ್ತಂತೆ, ಹೌದಾ?" ಅಂತಲೂ ಕೇಳಿದ್ದೀರಿ. ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಅವ್ವನ ಬ್ಯಾಂಕ್ ಖಾತೆಗೆ ಜೋಡಿಸಿರುವುದು ನನ್ನ ಮೊಬೈಲ್ ನಂಬರು. ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡೋ ಗೃಹಲಕ್ಷ್ಮಿ ಯೋಜನೆಯ ದುಡ್ಡು ಬಿದ್ದ ಮೆಸೇಜು ಮೊದಲು ಬೆಂಗಳೂರಿನಲ್ಲಿರೋ ನನಗೆ ಬರುತ್ತೆ. ನಾನು ಫೋನ್ ಮಾಡಿ ಹೇಳಿದ ಮೇಲೆ ಅವ್ವನಿಗೆ, ಅವ್ವನಿಂದ ಇಡೀ ಕೇರಿಗೆ.

ನಮ್ಮದು ಚಳ್ಳಕೆರೆ ತಾಲ್ಲೂಕು. ಮೂರು ಎಕರೆ ಮಳೆ ಆಶ್ರಯದ ಹೊಲ, ಶೇಂಗಾ ಬೆಳೆ. ಮನೆಯಲ್ಲಿ ಅಪ್ಪ, ಅವ್ವ, ತಮ್ಮ, ತಮ್ಮನ ಹೆಂಡತಿ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಯೋಜನೆ ಶುರುವಾದಾಗ ನಮ್ಮ ಹೊಲದಲ್ಲಿ ಗಿಡ ಬಾಡಿ ನಿಂತಿದ್ದವು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು ನೋಡಿ, ಅದೇ ವರ್ಷ. ಟಿವಿಯಲ್ಲಿ "ಬಿಟ್ಟಿ ಭಾಗ್ಯ" ಅಂತ ಚರ್ಚೆ ನಡೆಯುತ್ತಿದ್ದ ಹೊತ್ತಿಗೆ ನಮ್ಮ ಮನೆಗೆ ಇಷ್ಟು ಬರುತ್ತೆ ಅಂತ ಮೊದಲೇ ಹೇಳಬಹುದಾದ ದುಡ್ಡು ಅಂದರೆ ಸರ್ಕಾರದಿಂದ ಬರೋದೊಂದೇ.

ಮೊತ್ತ ದೊಡ್ಡದೇನಲ್ಲ. 2024-25ರಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎರಡು ಸಾವಿರ ಅಂದರೆ ಆರು ದಿನದ ಕೂಲಿಯೂ ಪೂರ್ತಿ ಆಗಲ್ಲ. ಆದರೆ ನಮ್ಮ ಮನೆಗೆ ಬರುವ ಎರಡು ಸಾವಿರಗಳು ಎರಡು ಥರ. ಪಿಎಂ ಕಿಸಾನ್ ದುಡ್ಡು ನಾಲ್ಕು ತಿಂಗಳಿಗೊಮ್ಮೆ ಎರಡು ಸಾವಿರದ ಕಂತಿನಲ್ಲಿ ಅಪ್ಪನ ಖಾತೆಗೆ ಬೀಳುತ್ತೆ, ಪಹಣಿ ಅಪ್ಪನ ಹೆಸರಲ್ಲಿರೋದರಿಂದ. ಗೃಹಲಕ್ಷ್ಮಿ ಅವ್ವನ ಖಾತೆಗೆ, ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅವಳಾಗಿರೋದರಿಂದ. ಅಪ್ಪನದು ಬಂದ ದಿನವೇ ಗೊಬ್ಬರದಂಗಡಿಯ ಹಳೇ ಬಾಕಿಗೆ ಹೋಗುತ್ತೆ. ಉಳಿದ ಇನ್ನೂರೋ ಮುನ್ನೂರೋ ಎಲ್ಲಿಗೆ ಹೋಗುತ್ತೆ ಅಂತ ನೀವೇ ಊಹಿಸಿದ್ದೀರಿ. ಅವ್ವನ ದುಡ್ಡಿನಿಂದಲೂ ಅಪ್ಪ ಒಂದೆರಡು ಸಲ ಇಸಕೊಂಡಿದ್ದಾನೆ, ಸುಳ್ಳು ಯಾಕೆ ಹೇಳಲಿ. ಈಗ ಕೇಳಿ ಇಸಕೊಳ್ಳಬೇಕು, ಅಷ್ಟೇ ವ್ಯತ್ಯಾಸ. ಅವ್ವ ಬೈದೇ ಕೊಡುತ್ತಾಳೆ.

ಅವ್ವನ ಎರಡು ಸಾವಿರ ಮೊದಲು ಹೋದದ್ದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೆ. ಆಮೇಲೆ ಬಿಪಿ ಮಾತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದಾಗ ಪುಕ್ಕಟೆ, ಇಲ್ಲದಾಗ ಅಂಗಡಿಯಲ್ಲಿ ಕೊಳ್ಳಬೇಕು. ಮೊದಲೆಲ್ಲ ಅವ್ವ ಹತ್ತು ಮಾತ್ರೆಯ ಶೀಟನ್ನು ಇಪ್ಪತ್ತು ದಿನ ಮಾಡುತ್ತಿದ್ದಳು, ದಿನ ಬಿಟ್ಟು ದಿನ ನುಂಗಿ. ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ದಿನಾ ನುಂಗಲು ಶುರು ಮಾಡಿದ ಮೇಲೆ ಒಂದು ದಿನ ಅವಳೇ ಬಾಯಿಬಿಟ್ಟಳು.

ಖಾತೆಯಿಂದ ದುಡ್ಡು ಇಳಿಸಿಕೊಳ್ಳುವುದೇ ಒಂದು ಪ್ರಸಂಗ. ಊರಲ್ಲಿ ಬ್ಯಾಂಕಿನ ಪರವಾಗಿ ಸಣ್ಣ ಮಿಷನ್ ಇಟ್ಟುಕೊಂಡ ಒಬ್ಬರಿದ್ದಾರೆ, ಹೆಬ್ಬೆಟ್ಟು ಒತ್ತಿದರೆ ದುಡ್ಡು ಕೊಡುತ್ತಾರೆ. ನಲವತ್ತು ವರ್ಷ ಕಳೆ ಕಿತ್ತ, ಶೇಂಗಾ ಸುಲಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ? ಬೆರಳನ್ನು ತಲೆಗೂದಲಿಗೆ ತಿಕ್ಕಿ ಒತ್ತುತ್ತಾಳೆ, ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಮೂರನೇ ಸಲಕ್ಕೂ ಹಿಡಿಯಲಿಲ್ಲ ಅಂದರೆ ಚಳ್ಳಕೆರೆಯ ಬ್ಯಾಂಕಿಗೇ ಹೋಗಬೇಕು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಅವತ್ತಿನ ಕೂಲಿ ಹೋಯಿತು. ಊರಿನ ಮಿಷನ್ನಿನವರು ಮೊದಮೊದಲು ಒಬ್ಬೊಬ್ಬರ ಹತ್ತಿರ ಐವತ್ತು ರೂಪಾಯಿ ಹಿಡಿದುಕೊಳ್ಳುತ್ತಿದ್ದರು. ಹೆಂಗಸರೆಲ್ಲ ಸೇರಿ ಜಗಳ ತೆಗೆದ ಮೇಲೆ ನಿಂತಿತು.

ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು 2023ರ ಜುಲೈನಿಂದ ತಲೆಗೆ 170 ರೂಪಾಯಿ ಹಾಕುತ್ತಿದ್ದರಲ್ಲ, ನಮಗೆ ನಾಲ್ಕು ತಲೆಗೆ 680. ನಮ್ಮ ಕಡೆ ಮುದ್ದೆ ಊಟ. ಅವ್ವ ಆ ದುಡ್ಡಲ್ಲಿ ರಾಗಿ ತರುತ್ತಿದ್ದಳು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡತೊಡಗಿದಾಗ ನಾನು "ದುಡ್ಡೇ ಚೆನ್ನಾಗಿತ್ತಲ್ಲ" ಅಂದೆ. ಅವಳು ಒಪ್ಪಲಿಲ್ಲ. "ಅಕ್ಕಿ ಆದರೆ ಯಾರೂ ಸಾಲ ಕೇಳಾಕೆ ಬರಲ್ಲ ಬಿಡು" ಅಂದಳು. ನಗದೇ ಎಲ್ಲಕ್ಕಿಂತ ಮೇಲು ಅಂತ ವಾದ ಮಾಡೋರಿಗೆ ನಾನು ಈ ಮಾತು ಹೇಳುತ್ತಿರುತ್ತೇನೆ.

ನನಗೆ ಸರಿ ಕಾಣದ ಸಂಗತಿ ಎರಡು. ಒಂದು, ತಮ್ಮನ ಹೆಂಡತಿ. ಹೊಲದ ಕೆಲಸ, ಒಲೆ, ನೀರು ಅರ್ಧಕ್ಕರ್ಧ ಅವಳ ಮೇಲೆ. ಕಾರ್ಡು ಒಂದೇ, ಯಜಮಾನಿ ಒಬ್ಬಳೇ, ಹಾಗಾಗಿ ಅವಳ ಕೈಗೆ ನೇರವಾಗಿ ಒಂದು ಪೈಸೆ ಇಲ್ಲ. ಅತ್ತೆಗೋ ಸೊಸೆಗೋ ಅನ್ನುವ ಚರ್ಚೆ ಯೋಜನೆ ಶುರುವಾಗುವಾಗ ರಾಜ್ಯದಲ್ಲೆಲ್ಲ ತಮಾಷೆಯ ಮಾತಾಗಿತ್ತು, ನಮ್ಮ ಅಡುಗೆಮನೆಯಲ್ಲಿ ತಮಾಷೆ ಆಗಿರಲಿಲ್ಲ. ಕೊನೆಗೆ ಅವ್ವನೇ ತಿಂಗಳಿಗೆ ಐನೂರು ಅವಳ ಚೀಟಿಗೆ ಕಟ್ಟತೊಡಗಿದಳು. ಆ ಚೀಟಿ ಎತ್ತಿದಾಗ ಎರಡು ಮೇಕೆ ಮರಿ ಬಂದವು. ಒಂದು ಮಳೆಗಾಲದಲ್ಲಿ ಹೊಟ್ಟೆ ಉಬ್ಬರಿಸಿ ಸತ್ತಿತು. ಇನ್ನೊಂದು ಎರಡು ಸಲ ಮರಿ ಹಾಕಿದೆ, ಅದು ಸೊಸೆಯದು ಅಂತಲೇ ಲೆಕ್ಕ.

ಎರಡನೆಯದು ತಾರೀಖು. ದುಡ್ಡು ತಿಂಗಳು ತಿಂಗಳು ಸರಿಯಾಗಿ ಬೀಳಲ್ಲ. ಎರಡು ಮೂರು ತಿಂಗಳು ಸುದ್ದಿಯೇ ಇರಲ್ಲ, ಆಮೇಲೆ ಒಂದರ ಹಿಂದೆ ಒಂದು ಕಂತು. ಬೆಂಗಳೂರಲ್ಲಿ ಕೂತವರಿಗೆ "ಬರುತ್ತಲ್ಲ, ತಡವಾದರೇನು" ಅನ್ನಿಸಬಹುದು. ಆದರೆ ಗೃಹಲಕ್ಷ್ಮಿ ಇದೆ ಅನ್ನೋ ಧೈರ್ಯದ ಮೇಲೆಯೇ ಈಗ ಅಂಗಡಿಯವನು ಉದ್ರಿ ಕೊಡೋದು, ಮೈಕ್ರೋಫೈನಾನ್ಸಿನ ವಾರದ ಕಂತಿಗೆ ಅವ್ವ ಮಾತು ಕೊಡೋದು. ದುಡ್ಡು ತಡವಾದರೂ ವಾರ ತಡವಾಗಲ್ಲ. ಹಾಗೆ ನಿಂತ ಒಂದು ಸಲ, ಕಂತು ಕಟ್ಟಲು ಅವ್ವ ಪಕ್ಕದ ಮನೆಯವರ ಹತ್ತಿರ ನೂರಕ್ಕೆ ಐದರ ಬಡ್ಡಿಗೆ ಎರಡು ಸಾವಿರ ತಂದಳು. ಇಷ್ಟೇ ಕೊಡಿ, ಆದರೆ ಇಂಥ ದಿನ ಅಂತ ಕೊಡಿ ಅನ್ನೋದು ನನ್ನ ವಾದ.

ಈ ಉತ್ತರ ಬರೆಯುತ್ತಿರುವಾಗಲೂ ಒಂದು ಸಲ ಫೋನ್ ಬಂತು. ಅವ್ವನದಲ್ಲ, ಅವ್ವನ ಫೋನಿಂದ ಪಕ್ಕದ ಮನೆಯ ಅಜ್ಜಿಯದು. "ಏನಪ್ಪಾ, ನಿನಗೆ ಮೆಸೇಜು ಬಂತಾ?" ಇನ್ನೂ ಇಲ್ಲ ಅಜ್ಜಿ ಅಂದೆ.