249 ಗ್ರಾಂ ಡ್ರೋನ್‌ಗೂ ಕಾನೂನಿದೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಹಿಂದೆಯೂ ಉತ್ತರಿಸಿದ್ದೇನೆ. ಅಂಗಡಿಗಳಲ್ಲಿ ಇನ್ನೂ ಅದೇ ಸುಳ್ಳು ಹೇಳಿ ಮಾರುತ್ತಿರುವುದರಿಂದ ಮತ್ತೆ ಬರೆಯುತ್ತಿದ್ದೇನೆ.

ನನ್ನದು 249 ಗ್ರಾಂ ಡ್ರೋನ್. ಇದಕ್ಕೆ ಲೈಸೆನ್ಸೂ ಬೇಡ, ರೂಲ್ಸೂ ಇಲ್ಲ ಎಂದು ಅಂಗಡಿಯವರು ಹೇಳಿದರು. ಆ್ಯಪ್‌ನಲ್ಲಿ 120 ಮೀಟರ್ ಮಿತಿ ಹಾಕಿಕೊಂಡು ಗಿರಿಯ ಮೇಲಿನಿಂದ ಹೋಂಸ್ಟೇ ವಿಡಿಯೊ ಮಾಡಬಹುದಲ್ಲವೇ? (ಹೋಂಸ್ಟೇ ಮಾಲೀಕರು, ಚಿಕ್ಕಮಗಳೂರು)

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ. ಅದಕ್ಕೆ ರಿಮೋಟ್ ಪೈಲಟ್ ಪ್ರಮಾಣಪತ್ರ (ಜನ ಲೈಸೆನ್ಸ್ ಎನ್ನುವುದು ಇದನ್ನೇ) ಬೇಡ, ವಿಮೆ ಬೇಡ, ನಿಜ. ಹಾಗೆಂದು ನಿಯಮವೇ ಇಲ್ಲ ಎಂದಲ್ಲ. ನೋಂದಣಿ ಮಾಡಿಸಿ ಯುಐಎನ್, ಅಂದರೆ ಆ ಡ್ರೋನ್‌ನ ಗುರುತಿನ ಸಂಖ್ಯೆ, ಪಡೆಯಲೇಬೇಕು. ಕೆಂಪು (ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸಬಾರದ), ಹಳದಿ (ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕಾದ) ವಲಯಗಳ ಕಟ್ಟುಪಾಡು ನ್ಯಾನೊಗೂ ಉಂಟು. ತಪ್ಪಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಅದನ್ನು ಕಟ್ಟಲು ಅಂಗಡಿಯವರು ಬರುವುದಿಲ್ಲ.

ತೂಕ ಅಂದರೆ ಡಬ್ಬದ ಮೇಲೆ ಅಚ್ಚಾದದ್ದಲ್ಲ, ಹಾರುವಾಗ ಇರುವ ಒಟ್ಟು ತೂಕ. ದೊಡ್ಡ ಬ್ಯಾಟರಿಯನ್ನೋ ಪ್ರೊಪೆಲ್ಲರ್ ಗಾರ್ಡನ್ನೋ ಹಾಕಿ 250 ದಾಟಿತೆಂದರೆ ಅದು ಮೈಕ್ರೊ. ಹೋಂಸ್ಟೇ ಪ್ರಚಾರ ವ್ಯಾಪಾರವೇ ಆದ್ದರಿಂದ ಆಗ ಪ್ರಮಾಣಪತ್ರ ಬೇಕೇ ಬೇಕು. ಎಲ್ಲ ಸಿಕ್ಕಿಸಿ ಒಮ್ಮೆ ತಕ್ಕಡಿಗೆ ಹಾಕಿ ನೋಡಿ.

ಈಗ ಎತ್ತರ. ನಮ್ಮ ಮಲೆನಾಡಿನಲ್ಲಿ ಎಲ್ಲರೂ ಎಡವುವುದು ಇಲ್ಲೇ. ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಿಸಬಹುದು, ಅದರ ಮೇಲಿನದು ಹಳದಿ ವಲಯ. ಈ 120 ಮೀಟರ್ ಲೆಕ್ಕ ಡ್ರೋನ್‌ನ ಕೆಳಗಿರುವ ನೆಲದಿಂದ. ಆ್ಯಪ್ ತೋರಿಸುವುದು ಡ್ರೋನ್ ಮೇಲೆದ್ದ ಜಾಗದಿಂದ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂಥ ಕಡೆ ಅಂಚಿನಲ್ಲಿ ನಿಂತು 50 ಮೀಟರ್ ಏರಿಸಿ ಕಣಿವೆಯತ್ತ ಬಿಟ್ಟಿರಿ ಅನ್ನಿ. ಪರದೆಯಲ್ಲಿ 50 ಅಂತಲೇ ಇರುತ್ತದೆ, ನೆಲ ಮಾತ್ರ ನೂರಾರು ಮೀಟರ್ ಕೆಳಗಿಳಿದಿರುತ್ತದೆ. ಅಲ್ಲಿಗೆ ನೀವು ಹಳದಿ ವಲಯದಲ್ಲಿ, ವಾಯು ಸಂಚಾರ ನಿಯಂತ್ರಣದ ಅನುಮತಿಯಿಲ್ಲದೆ ಹಾರಿಸುತ್ತಿದ್ದೀರಿ. ಆ್ಯಪ್ ಎಚ್ಚರಿಸುವುದಿಲ್ಲ.

ತೋಟದಲ್ಲಿ ಇದಕ್ಕೆ ತದ್ವಿರುದ್ಧ. ತಗ್ಗಿನ ಕಣದಿಂದ ಎಬ್ಬಿಸಿ ದಿಬ್ಬದ ಕಡೆ ಹೋದರೆ 40 ಮೀಟರ್ ಎಂದು ತೋರಿಸುತ್ತಿರುವಾಗಲೇ ಸಿಲ್ವರ್ ಓಕ್ ತುದಿಗೆ ಬಡಿಯುತ್ತದೆ. ಡ್ರೋನ್ ತಾನಾಗಿಯೇ ವಾಪಸಾಗುವ ರಿಟರ್ನ್ ಟು ಹೋಮ್ ಎತ್ತರವೂ ಮೇಲೆದ್ದ ಜಾಗದಿಂದಲೇ ಲೆಕ್ಕವಾಗುವುದು. ದಾರಿಯಲ್ಲಿರುವ ಅತಿ ಎತ್ತರದ ಮರ ನೋಡಿಕೊಂಡು ಅದನ್ನು ಹೊಂದಿಸಿ. ಮಂಜು ಏರುತ್ತಿದ್ದರೆ ಹಾರಿಸಲೇಬೇಡಿ, ಕಣ್ಣಿಗೆ ಕಾಣದ ಡ್ರೋನ್ ನಿಮ್ಮ ಹಿಡಿತದಲ್ಲಿಲ್ಲ. ಗಿರಿಯ ಗಾಳಿಗೆ ಎದುರಾಗಿ ವಾಪಸಾಗಲು ಬ್ಯಾಟರಿ ಹೆಚ್ಚು ಬೇಕು. ನಾನಂತೂ ಅರ್ಧಕ್ಕೆ ಬಂದ ಕೂಡಲೇ ತಿರುಗಿಸುತ್ತೇನೆ. ಇದು ಅತಿ ಜಾಗ್ರತೆ ಎನ್ನುವವರು ಇದ್ದಾರೆ, ಇರಲಿ. ಭದ್ರಾ, ಕುದುರೆಮುಖದ ಕಾಡಿನೊಳಗಂತೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡ್ರೋನನ್ನು ಚೀಲದಿಂದ ಹೊರಗೇ ತೆಗೆಯಬೇಡಿ.

ಆಧಾರ್ ಕಳುಹಿಸಿದರೆ ಎರಡೇ ದಿನದಲ್ಲಿ ಡ್ರೋನ್ ಲೈಸೆನ್ಸ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಂಬಬಹುದೇ? (ಅರಸೀಕೆರೆ)

ಹಗಲು ದರೋಡೆ. ಹತ್ತನೇ ತರಗತಿ ಪಾಸಾದ, 18ರಿಂದ 65 ವರ್ಷದೊಳಗಿನವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆಯಿರುವ ಶಾಲೆಯಲ್ಲಿ ತರಬೇತಿ ಪಡೆದು ಪರೀಕ್ಷೆ ಪಾಸು ಮಾಡಿದರೆ ಮಾತ್ರ ಪ್ರಮಾಣಪತ್ರ. ಅದು 10 ವರ್ಷ ನಡೆಯುತ್ತದೆ. ಹಣ ಕೇಳಿದವರ ನಂಬರನ್ನು ಪೊಲೀಸರಿಗೆ ಕೊಡಿ.

ಅಕ್ಕ ಅಮೆರಿಕದಿಂದ ಡ್ರೋನ್ ತರುತ್ತಾಳಂತೆ.

ಬೇಡ ಅನ್ನಿ. 2022ರ ಫೆಬ್ರುವರಿಯಿಂದ ಸಿದ್ಧ ಡ್ರೋನ್ ಆಮದಿಗೆ ನಿಷೇಧವಿದೆ.

ಬೇಲೂರು ದೇವಸ್ಥಾನದ ಮೇಲೆ ಪ್ರೀ-ವೆಡ್ಡಿಂಗ್ ಶೂಟ್?

ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಆಗದು.

ಹಾಸನಾಂಬ ದರ್ಶನದ ಜನಸಾಗರ ಚಿತ್ರೀಕರಿಸಬಹುದೇ?

ಜನರ ತಲೆಯ ಮೇಲೆ ಹಾರಿಸಬೇಡಿ. ಎಸ್‌ಪಿ ದರ್ಜೆಯ ಅಧಿಕಾರಿ 96 ಗಂಟೆಯವರೆಗೆ ಯಾವುದೇ ಜಾಗವನ್ನು ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ಯಾವ ದಿನವೇ ಹಾರಿಸಲಿ, ಮೊದಲು ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನಲ್ಲಿ ವಲಯಗಳ ನಕ್ಷೆ ನೋಡಿ.

ತೋಟಕ್ಕೆ ಆನೆ ಬಂದಾಗ ನಮ್ಮದೇ ಡ್ರೋನ್‌ನಿಂದ ಓಡಿಸಬಹುದೇ? (ಸಕಲೇಶಪುರ)

ದಯವಿಟ್ಟು ಬೇಡ. ಸದ್ದಿಗೆ ಬೆದರಿದ ಆನೆ ಯಾವ ಕಡೆ ನುಗ್ಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಪಕ್ಕದ ತೋಟದಲ್ಲಿ ಕಾಫಿ ಕೊಯ್ಯುವ ಹೆಂಗಸರು ಇರುತ್ತಾರೆ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಅಕ್ಕಪಕ್ಕದ ತೋಟದವರಿಗೆ ತಿಳಿಸಿ, ಕೆಲಸದವರನ್ನು ಲೈನ್ ಮನೆಗೆ ಕಳುಹಿಸಿ.